ಬುರಿಗಂಗಾದ ಹುಡುಗ: ಈಜುಗಾರ ಬ್ರೊಜೆನ್ ದಾಸ್

ಮೋರಖಂಡಿಯಲ್ಲಿ ಈಜು ಕಲಿಯುವುದೆಂದರೆ ಬಾವಿಗೆ ಇಳಿಯುವುದು. ನಮ್ಮ ಕಡೆ ಕಡಲಿಲ್ಲ. ಮಾಂಜ್ರಾ ನದಿ ನಮ್ಮಿಂದ ಉತ್ತರಕ್ಕೆ ಹರಿದು ಹೋಗುತ್ತದೆ, ಊರಿನ ಹುಡುಗರಿಗೆ ಅದು ದೂರ. ಹಾಗಾಗಿ ಹೊಲದ ಮೆಟ್ಟಿಲು ಬಾವಿಗಳೇ ನಮ್ಮ ಪಾಠಶಾಲೆ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ, ಅದರ ಮೇಲೊಂದು ಹಗ್ಗ ಬಿಗಿದು, ಹಿರಿಯರೊಬ್ಬರು ಹಗ್ಗದ ತುದಿ ಹಿಡಿದು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಹಗ್ಗ ಹಿಡಿದವರು ಯಾವ ಜಾತಿ, ನೀರಿಗೆ ಬಿದ್ದ ಹುಡುಗ ಯಾವ ಮೊಹಲ್ಲಾದವನು ಎಂದು ಆ ಹೊತ್ತಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಬುರುಡೆ ಬಿಚ್ಚಿಟ್ಟು ಬಾವಿಯನ್ನು ಮೂರು ಸುತ್ತು ಹಾಕಿದವನು ಪಾಸಾದ ಹಾಗೆ.

ಅದೇ ವಯಸ್ಸಿನಲ್ಲಿ ಶಾಲೆಯಲ್ಲಿ ಸಾಮಾನ್ಯ ಜ್ಞಾನದ ಪುಸ್ತಕವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿದ ಮೊದಲ ಭಾರತೀಯ ಯಾರು? ಮಿಹಿರ್ ಸೇನ್. ಮೊದಲ ಭಾರತೀಯ ಮಹಿಳೆ? ಆರತಿ ಸಹಾ. ಉರ್ದುವಿನಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಉತ್ತರ ಅಷ್ಟೇ. ಈ ಇಬ್ಬರ ಜೊತೆಗೇ ಹೇಳಬೇಕಾದ ಮೂರನೆಯ ಹೆಸರೊಂದಿದೆ ಎಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅವರು ಮಿಹಿರ್ ಸೇನರಿಗಿಂತ 40 ದಿನ ಮೊದಲೇ ಕಡಲ್ಗಾಲುವೆಯನ್ನು ದಾಟಿದ್ದರು. ಆರತಿ ಸಹಾರನ್ನು ಆ ದಾರಿಗೆ ಕರೆದವರೂ ಅವರೇ. ಆದರೆ ಅವರು ನಮ್ಮ ಪುಸ್ತಕದೊಳಗೆ ಬರಲಿಲ್ಲ. ಕಾರಣ ಇಷ್ಟೆ: ಅವರ ಊರು ಗಡಿಯ ಆ ಕಡೆ ಇತ್ತು. ಅವರ ಹೆಸರು ಬ್ರೊಜೆನ್ ದಾಸ್.

ಬ್ರೊಜೆನ್ ಹುಟ್ಟಿದ್ದು 1927ರ ಡಿಸೆಂಬರ್ 9ರಂದು, ಅವಿಭಜಿತ ಬಂಗಾಳದ ಬಿಕ್ರಮ್‌ಪುರ ಪ್ರದೇಶದ ಕುಚಿಯಾಮೊರಾ ಎಂಬ ಹಳ್ಳಿಯಲ್ಲಿ. ಇಂದು ಅದು ಬಾಂಗ್ಲಾದೇಶದ ಮುನ್ಶಿಗಂಜ್ ಜಿಲ್ಲೆಗೆ ಸೇರುತ್ತದೆ. ಅದು ನೀರಿನ ನಾಡು. ಪದ್ಮಾ, ಮೇಘನಾ, ಶೀತಲಕ್ಷಾ, ಬುರಿಗಂಗಾ ಹೀಗೆ ನದಿಗಳು ಒಂದರೊಳಗೊಂದು ಸೇರುತ್ತಾ ಹೋಗುವ ನೆಲ. ನಮ್ಮಲ್ಲಿ ಮಳೆಗಾಲ ಬಂದರೆ ಹಳ್ಳ ತುಂಬಿತೇ ಎಂದು ನೋಡಲು ಹೋಗುತ್ತೇವೆ, ಅಲ್ಲಿ ಮಳೆಗಾಲದಲ್ಲಿ ಮನೆಯಿಂದ ಮನೆಗೇ ದೋಣಿ ಬೇಕು. ಅಂಥ ಕಡೆ ಈಜು ಬಾರದ ಮಗು ಬದುಕುವುದು ಕಷ್ಟ. ಬ್ರೊಜೆನ್ ಓದಿದ್ದು ಢಾಕಾದ ಕೆ.ಎಲ್. ಜುಬಿಲಿ ಹೈಸ್ಕೂಲಿನಲ್ಲಿ, ಈಜಿನಲ್ಲಿ ಪಳಗಿದ್ದು ಆ ನಗರದ ಮಗ್ಗುಲಲ್ಲೇ ಹರಿಯುವ ಬುರಿಗಂಗಾದಲ್ಲಿ.

1946ರಲ್ಲಿ ಅವರು ಮೆಟ್ರಿಕ್ ಮುಗಿಸಿ ಕಲ್ಕತ್ತೆಯ ವಿದ್ಯಾಸಾಗರ್ ಕಾಲೇಜಿಗೆ ಸೇರಿದರು. ಢಾಕಾದ ಹುಡುಗ ಕಲ್ಕತ್ತೆಗೆ ಓದಲು ಹೋಗುವುದು ಆಗ ಒಂದೇ ಪ್ರಾಂತ್ಯದೊಳಗಿನ ಪ್ರಯಾಣ. ಮರುವರ್ಷದ ಆಗಸ್ಟ್ ಹೊತ್ತಿಗೆ ಅದೇ ಪ್ರಯಾಣ ಎರಡು ದೇಶಗಳ ನಡುವಿನದಾಯಿತು. ವಿಭಜನೆಯ ನಂತರ, ಮತ್ತೆ 1950ರ ಗಲಭೆಗಳ ನಂತರ, ಪೂರ್ವ ಬಂಗಾಳದಿಂದ ಲಕ್ಷಾಂತರ ಹಿಂದೂಗಳು ಕಲ್ಕತ್ತೆಯ ಕಡೆ ಹೊರಟರು. ಪಶ್ಚಿಮ ಬಂಗಾಳದಿಂದಲೂ ಬಿಹಾರದಿಂದಲೂ ಮುಸ್ಲಿಮರು ಗಂಟುಮೂಟೆ ಕಟ್ಟಿಕೊಂಡು ಢಾಕಾದ ಕಡೆ ಹೊರಟರು. ಎರಡೂ ದಿಕ್ಕಿನ ರೈಲುಗಳಲ್ಲಿ ಇದ್ದದ್ದು ಒಂದೇ ಬಗೆಯ ಮುಖಗಳು.

ಬ್ರೊಜೆನ್‌ಗೆ ಕಲ್ಕತ್ತೆ ಪರಕೀಯವಾಗಿರಲಿಲ್ಲ. ಅಲ್ಲಿಯೇ ಓದಿದ್ದರು, ಅಲ್ಲಿಯ ಕೊಳಗಳಲ್ಲಿ ಈಜಿದ್ದರು. 1952ರಲ್ಲಿ ಪಶ್ಚಿಮ ಬಂಗಾಳದ 100 ಮೀಟರ್ ಫ್ರೀಸ್ಟೈಲ್ ಚಾಂಪಿಯನ್ ಕೂಡ ಆದರು. ಹೆಸರು, ಧರ್ಮ, ಶಿಕ್ಷಣ, ಪದಕ ಎಲ್ಲವೂ ಅವರನ್ನು ಅಲ್ಲಿಯೇ ಉಳಿಯಲು ಬಿಡುತ್ತಿದ್ದವು. ಆದರೆ ಅವರು ಈಜುಗಾರನಾಗಿ ಬೆಳೆದದ್ದು ಢಾಕಾದಲ್ಲಿ. ಪೂರ್ವ ಪಾಕಿಸ್ತಾನದಲ್ಲಿ ಆಗ ವಾರ್ಷಿಕ ಈಜು ಸ್ಪರ್ಧೆಯೇ ಇರಲಿಲ್ಲ. ಕ್ರೀಡಾ ಸಂಘಟಕರ ಬೆನ್ನು ಹತ್ತಿ ಅಂಥದೊಂದು ಸ್ಪರ್ಧೆ 1953ರಲ್ಲಿ ಆರಂಭವಾಗುವಂತೆ ಮಾಡಿದವರಲ್ಲಿ ಬ್ರೊಜೆನ್ ಮುಖ್ಯರು. ಆ ವರ್ಷದಿಂದ 1956ರವರೆಗೆ 100, 200, 400 ಮತ್ತು 1500 ಮೀಟರ್ ಫ್ರೀಸ್ಟೈಲ್‌ನಲ್ಲಿ ಪ್ರಾಂತ್ಯದ ಚಾಂಪಿಯನ್ ಅವರೇ. 1955ರಲ್ಲಿ ಇಡೀ ಪಾಕಿಸ್ತಾನದ ರಾಷ್ಟ್ರೀಯ ಕೂಟದಲ್ಲಿ 100 ಮತ್ತು 400 ಮೀಟರ್ ಗೆದ್ದರು.

ಈ ಅಂಕಿಗಳನ್ನು ಸ್ವಲ್ಪ ನಿಂತು ನೋಡಬೇಕು. 100 ಮೀಟರ್ ವೇಗದ ಆಟ, ಒಂದೇ ಉಸಿರಿನ ಹಾಗೆ ಮುಗಿದುಹೋಗುತ್ತದೆ. 1500 ಮೀಟರ್ ತಾಳ್ಮೆಯ ಆಟ, 50 ಮೀಟರ್ ಉದ್ದದ ಕೊಳವನ್ನು 30 ಸಲ ದಾಟಬೇಕು. ನಮ್ಮ ಕರ್ನಾಟಕದ ಗಗನ್ ಉಳ್ಳಾಲಮಠ ಅವರು 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಈಜಿದ್ದು ಈ 1500 ಮೀಟರ್ ಸ್ಪರ್ಧೆಯಲ್ಲೇ. ಈಗಿನ ಈಜುಗಾರರು ಸಾಮಾನ್ಯವಾಗಿ ಇವೆರಡರಲ್ಲಿ ಒಂದನ್ನೇ ಆರಿಸಿಕೊಂಡು ವರ್ಷಗಟ್ಟಲೆ ದುಡಿಯುತ್ತಾರೆ. ಬ್ರೊಜೆನ್ ಎರಡನ್ನೂ ಒಟ್ಟಿಗೆ ಗೆಲ್ಲುತ್ತಿದ್ದರು.

ಆಮೇಲೆ 1956 ಬಂತು. ಆ ವರ್ಷದ ನವೆಂಬರ್‌ನಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್. ರಾಷ್ಟ್ರೀಯ ಚಾಂಪಿಯನ್ನನಾದ ತನಗೆ ತಂಡದಲ್ಲಿ ಸ್ಥಾನ ಸಿಗುತ್ತದೆ ಎಂದು ಬ್ರೊಜೆನ್ ನಂಬಿದ್ದರಲ್ಲಿ ತಪ್ಪಿರಲಿಲ್ಲ. ಪಟ್ಟಿ ಹೊರಬಂದಾಗ ಅವರ ಹೆಸರಿರಲಿಲ್ಲ. ಅಧಿಕಾರವೆಲ್ಲ ದೇಶದ ಪಶ್ಚಿಮ ಭಾಗದಲ್ಲಿತ್ತು. ಪೂರ್ವ ಭಾಗದವರಿಗೆ ಸೈನ್ಯದಲ್ಲಿ, ನೌಕರಿಯಲ್ಲಿ, ಬಜೆಟ್ಟಿನಲ್ಲಿ ಏನಾಗುತ್ತಿತ್ತೋ ಕ್ರೀಡೆಯಲ್ಲಿಯೂ ಅದೇ ಆಗುತ್ತಿತ್ತು. ಬ್ರೊಜೆನ್ ಪೂರ್ವದವರು, ಬಂಗಾಳಿ. ಅದರ ಮೇಲೆ ಧರ್ಮದ ಹೆಸರಿನಲ್ಲಿ ಕಟ್ಟಿದ ದೇಶದಲ್ಲಿ ಅಲ್ಪಸಂಖ್ಯಾತರು. ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಎಂದು ತೂಗಿ ಹೇಳಲು ನಾವು ಹೋಗುವುದಿಲ್ಲ. ಬಾಗಿಲು ಮುಚ್ಚಿತು ಎಂಬುದಂತೂ ನಿಜ.

1956ರ ಅದೇ ನವೆಂಬರ್ ತಿಂಗಳು ನಮ್ಮ ಬೀದರ ಜಿಲ್ಲೆಗೂ ಮರೆಯಲಾಗದ್ದು. ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋಯಿತು. ಹಳೆಯ ಬೀದರ ಜಿಲ್ಲೆ ಮೂರು ತುಂಡಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಕಡೆಯ ಭಾಗ ಆಂಧ್ರಕ್ಕೆ, ನಾವು ಮೈಸೂರಿಗೆ. ಕಲ್ಯಾಣಿ ಎಂದು ಕರೆಯುತ್ತಿದ್ದ ಪಟ್ಟಣ ಬಸವಕಲ್ಯಾಣವಾಯಿತು. ಅದಕ್ಕೂ ಎಂಟು ವರ್ಷ ಹಿಂದೆ, 1948ರ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ, ನಮ್ಮ ಜಿಲ್ಲೆಯ ಮುಸ್ಲಿಮರು ಏನನ್ನು ಕಂಡರೆಂಬುದು ಮನೆಮನೆಯ ಹಿರಿಯರಿಗೆ ಗೊತ್ತು. ರಜಾಕಾರರ ಕಾಲದಲ್ಲಿ ಹಿಂದೂಗಳು ಏನನ್ನು ಕಂಡರೆಂಬುದೂ ಅದೇ ಹಿರಿಯರಿಗೆ ಗೊತ್ತು. ಮೋರಖಂಡಿ ಇದ್ದಲ್ಲಿಯೇ ಇತ್ತು. ಅದರ ಸುತ್ತಲಿನ ಗೆರೆಗಳು, ಅದನ್ನು ಆಳುವವರ ಭಾಷೆ ಬದಲಾದವು. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಓದಿದವರು ಮೈಸೂರು ಸರ್ಕಾರಕ್ಕೆ ಅರ್ಜಿ ಬರೆಸಲು ಕನ್ನಡ ಬಲ್ಲವರನ್ನು ಹುಡುಕಬೇಕಾಯಿತು. ಹೀಗಾಗಿ ಊರು ಬಿಡದೆಯೇ ದೇಶ ಬದಲಾದವನ ಕಥೆ ನಮಗೆ ಬೇಗ ಅರ್ಥವಾಗುತ್ತದೆ. ಬ್ರೊಜೆನ್ ದಾಸರ ಕಥೆಯನ್ನು ಇಲ್ಲಿ ಕೂತು ಹೇಳಬೇಕು ಅನ್ನಿಸಿದ್ದೂ ಅದಕ್ಕೇ.

ಬಾಗಿಲು ಮುಚ್ಚಿದಾಗ ಮನುಷ್ಯ ಎರಡು ರೀತಿ ನಡೆದುಕೊಳ್ಳಬಹುದು. ಬಾಗಿಲ ಮುಂದೆ ಕೂತು ದೂರುತ್ತಾ ಇರಬಹುದು, ಇಲ್ಲವೆ ಬೇರೆ ದಾರಿ ನೋಡಬಹುದು. ಬ್ರೊಜೆನ್ ನೋಡಿದ ದಾರಿ ಇಂಗ್ಲಿಷ್ ಕಡಲ್ಗಾಲುವೆ. ಅಲ್ಲಿ ಆಯ್ಕೆ ಸಮಿತಿಯ ಮಾತು ನಡೆಯುವುದಿಲ್ಲ. ಈ ದಡದಲ್ಲಿ ನೀರಿಗಿಳಿದು ಆ ದಡದಲ್ಲಿ ಕಾಲೂರಿದರೆ ಅದೇ ಪ್ರಮಾಣಪತ್ರ.

ಆ ಕಾಲುವೆಯ ವಿಷಯ ಸ್ವಲ್ಪ ಹೇಳಬೇಕು. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಅತಿ ಕಿರಿದಾದ ಕಡೆ ಅದರ ಅಗಲ ಸುಮಾರು 33 ಕಿಲೋಮೀಟರ್. ಬಸವಕಲ್ಯಾಣದ ರೈತನಿಗೆ ಅದೇನೂ ದೊಡ್ಡ ದೂರವಲ್ಲ, ಎತ್ತಿನ ಗಾಡಿಯಲ್ಲಿ ಒಂದು ದಿನದ ದಾರಿ. ಆದರೆ ಅಲ್ಲಿ ಯಾರೂ ನೇರ ಗೆರೆಯಲ್ಲಿ ಈಜಲಾಗುವುದಿಲ್ಲ. ಸುಮಾರು ಆರು ಗಂಟೆಗೊಮ್ಮೆ ಭರತ ಇಳಿತದ ಸೆಳೆತ ದಿಕ್ಕು ಬದಲಿಸುತ್ತದೆ. ಈಜುಗಾರ ಮುಂದೆ ಸಾಗುತ್ತಿದ್ದರೂ ನೀರು ಅವನನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಒಯ್ಯುತ್ತದೆ. 33 ಕಿಲೋಮೀಟರ್ ದಾಟಲು 50, 60 ಕಿಲೋಮೀಟರ್ ಈಜಿದವರಿದ್ದಾರೆ. ಬೇಸಿಗೆಯ ಕೊನೆಯಲ್ಲೂ ನೀರಿನ ತಾಪ 15ರಿಂದ 18 ಡಿಗ್ರಿ. ಮೈಗೆ ಜಿಡ್ಡು ಬಳಿದುಕೊಳ್ಳಬಹುದು, ಚಡ್ಡಿ, ಟೋಪಿ, ಕನ್ನಡಕ ಬಿಟ್ಟರೆ ಬೇರೇನೂ ಧರಿಸುವಂತಿಲ್ಲ. ಜೊತೆಗೆ ದೋಣಿ ಬರುತ್ತದೆ. ಅದರಿಂದ ಕುಡಿಯಲು, ತಿನ್ನಲು ಏನಾದರೂ ಚಾಚಿ ಕೊಡುತ್ತಾರೆ. ಆದರೆ ದೋಣಿಯನ್ನು ಮುಟ್ಟಿದರೆ ಆಟ ಮುಗಿಯಿತು. 1875ರಲ್ಲಿ ಮ್ಯಾಥ್ಯೂ ವೆಬ್ ಎಂಬ ಇಂಗ್ಲಿಷ್ ಹಡಗಿನ ಕ್ಯಾಪ್ಟನ್ ಯಾವ ಆಸರೆಯೂ ಇಲ್ಲದೆ ಅದನ್ನು ಮೊದಲ ಸಲ ದಾಟಿದಾಗ 21 ಗಂಟೆ 45 ನಿಮಿಷ ಹಿಡಿದಿತ್ತು.

ಇದು ಯುರೋಪಿನವರ ಆಟವಾಗಿಯೇ ಉಳಿದಿರಲಿಲ್ಲ. ಈಜಿಪ್ಟಿನ ಇಶಾಕ್ ಹಿಲ್ಮಿ 1928ರಲ್ಲಿಯೇ ಕಾಲುವೆ ದಾಟಿದ್ದರು. 1950ರಲ್ಲಿ ಅದೇ ದೇಶದ ಹಸನ್ ಅಬ್ದುಲ್ ರಹೀಮ್ 10 ಗಂಟೆ 50 ನಿಮಿಷದಲ್ಲಿ ದಾಟಿ ದಾಖಲೆ ಮಾಡಿದರು. ಆದರೆ ನಮ್ಮ ಉಪಖಂಡದಿಂದ ಯಾರೂ ಅದನ್ನು ದಾಟಿರಲಿಲ್ಲ.

ಬ್ರೊಜೆನ್ ತಯಾರಿಗೆ ಊರಿನ ನದಿಗಳನ್ನೇ ಬಳಸಿಕೊಂಡರು. ಶೀತಲಕ್ಷಾದಲ್ಲಿ ಇಳಿದು ಮೇಘನಾ ಸೇರಿ, ನಾರಾಯಣಗಂಜ್‌ನಿಂದ ಚಾಂದ್‌ಪುರದವರೆಗೆ ಈಜಿದರು. ನದಿಯ ಸೆಳೆತದಲ್ಲಿ ಗಂಟೆಗಟ್ಟಲೆ ತೋಳು ಬೀಸುವುದು ಅಲ್ಲಿ ಅಭ್ಯಾಸವಾಯಿತು. ಆದರೆ ಬಂಗಾಳದ ನದಿಗಳು ಬೆಚ್ಚಗಿನ ಸಿಹಿನೀರು. ಚಳಿಯನ್ನೂ ಉಪ್ಪನ್ನೂ ಅವು ಕಲಿಸಲಾರವು. 1958ರ ಜುಲೈನಲ್ಲಿ ಇಟಲಿಗೆ ಹೋಗಿ ಕ್ಯಾಪ್ರಿ ದ್ವೀಪದಿಂದ ನೇಪಲ್ಸ್‌ವರೆಗಿನ ಸಮುದ್ರ ಸ್ಪರ್ಧೆಯಲ್ಲಿ ಈಜಿದರು. ಅದೂ ಸುಮಾರು 33 ಕಿಲೋಮೀಟರ್. ಅಲ್ಲಿ ಮೂರನೆಯವರಾದರು. ನಂತರ ಇಂಗ್ಲೆಂಡಿಗೆ ಬಂದರು.

ಆ ಕಾಲಕ್ಕೆ ಬಿಲ್ಲಿ ಬಟ್ಲಿನ್ ಎಂಬ ರಜಾ ಶಿಬಿರಗಳ ಮಾಲೀಕರು ಕಡಲ್ಗಾಲುವೆಯಲ್ಲಿ ಅಂತಾರಾಷ್ಟ್ರೀಯ ಸ್ಪರ್ಧೆ ನಡೆಸುತ್ತಿದ್ದರು. 1958ರ ಆಗಸ್ಟ್ 18ರಂದು, ನಡುರಾತ್ರಿ ಕಳೆದ ಮೇಲೆ, ಫ್ರಾನ್ಸಿನ ಕೇಪ್ ಗ್ರಿ ನೇ ದಡದಿಂದ 23 ದೇಶಗಳ 39 ಈಜುಗಾರರು ಕತ್ತಲ ನೀರಿಗೆ ಇಳಿದರು. ಒಬ್ಬೊಬ್ಬರಾಗಿ ಅನೇಕರು ಚಳಿಗೆ, ಸೆಳೆತಕ್ಕೆ ಸೋತು ದೋಣಿ ಹತ್ತಿದರು. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಗ್ರೇಟಾ ಆಂಡರ್ಸನ್ ಎಂಬ ಮಹಿಳೆ 11 ಗಂಟೆ 1 ನಿಮಿಷದಲ್ಲಿ ಇಂಗ್ಲೆಂಡ್ ಮುಟ್ಟಿ, ಗಂಡಸರನ್ನೂ ಹಿಂದೆ ಹಾಕಿ ಎಲ್ಲರಿಗಿಂತ ಮೊದಲಿಗರಾದರು. ಗಂಡಸರಲ್ಲಿ ಮೊದಲು ದಡ ಮುಟ್ಟಿದವರು ಬ್ರೊಜೆನ್ ದಾಸ್. ತೆಗೆದುಕೊಂಡ ಕಾಲ 14 ಗಂಟೆ 52 ನಿಮಿಷ. ಎರಡು ವರ್ಷದ ಹಿಂದೆ ಪಟ್ಟಿಯಲ್ಲಿ ಜಾಗ ಸಿಗದವರು ಈಗ ಆ ದೇಶದ ಹೆಸರನ್ನು ಜಗತ್ತಿನ ಪತ್ರಿಕೆಗಳಿಗೆ ತಲುಪಿಸಿದ್ದರು. ಪಾಕಿಸ್ತಾನ ಸರ್ಕಾರ ಮುಂದೆ ಅವರಿಗೆ ಪ್ರೈಡ್ ಆಫ್ ಪರ್ಫಾರ್ಮೆನ್ಸ್ ಗೌರವ ನೀಡಿತು.

ಅದೇ ವರ್ಷ ಸೆಪ್ಟೆಂಬರ್ 27ರಂದು ಮಿಹಿರ್ ಸೇನ್ 14 ಗಂಟೆ 45 ನಿಮಿಷದಲ್ಲಿ ಕಾಲುವೆ ದಾಟಿ ಮೊದಲ ಭಾರತೀಯರಾದರು. ಪುರುಲಿಯಾದಲ್ಲಿ ಹುಟ್ಟಿದ ಅವರೂ ಬಂಗಾಳಿಯೇ. ಒಂದೇ ಭಾಷೆಯ ಇಬ್ಬರು, ಒಂದೇ ನೀರಿನಲ್ಲಿ, 40 ದಿನಗಳ ಅಂತರದಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ದಾಟಿದರು. ಇಬ್ಬರ ಬೆನ್ನ ಹಿಂದೆ ಬೇರೆ ಬೇರೆ ಬಾವುಟಗಳಿದ್ದವು.

ಇಲ್ಲಿಂದ ಮುಂದಿನ ಸಂಗತಿ ನಮಗೆ ಬಹಳ ಮುಖ್ಯವೆನಿಸುತ್ತದೆ. ಬ್ರೊಜೆನ್ ಗೆದ್ದ ಸುದ್ದಿ ಕೇಳಿ ಕಲ್ಕತ್ತೆಯ ಹುಡುಗಿಯೊಬ್ಬಳು ಅವರಿಗೆ ಅಭಿನಂದನೆ ಕಳಿಸಿದಳು. ಆಕೆಯೇ ಆರತಿ ಸಹಾ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಅಜ್ಜಿಯ ಮನೆಯಲ್ಲಿ ಬೆಳೆದವಳು. ಹನ್ನೆರಡು ತುಂಬುವ ಮೊದಲೇ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಿ ಬಂದವಳು. ಬ್ರೊಜೆನ್ ಅವಳಿಗೆ ಧನ್ಯವಾದ ಹೇಳಿ ಸುಮ್ಮನಾಗಬಹುದಿತ್ತು. ಅವರು ನಿನಗೂ ಇದು ಸಾಧ್ಯ ಎಂದು ಉತ್ತರಿಸಿದರು. ಅಷ್ಟಕ್ಕೇ ನಿಲ್ಲದೆ ಮುಂದಿನ ವರ್ಷದ ಬಟ್ಲಿನ್ ಸ್ಪರ್ಧೆಗೆ ಅವಳ ಹೆಸರನ್ನು ಸಂಘಟಕರಿಗೆ ತಾವೇ ಸೂಚಿಸಿದರು. ಪಾಕಿಸ್ತಾನದ ಈಜುಗಾರ ಭಾರತದ ಹುಡುಗಿಯ ಹೆಸರು ಸೂಚಿಸುವುದು, ಅದೂ ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ 1950ರ ದಶಕದಲ್ಲಿ. ತನಗೆ ಮುಚ್ಚಿದ ಬಾಗಿಲಿನ ನೆನಪಿದ್ದ ಮನುಷ್ಯ ಇನ್ನೊಬ್ಬರಿಗಾಗಿ ಬಾಗಿಲು ತಟ್ಟಿದ್ದರು.

ಕಲ್ಕತ್ತೆಯಲ್ಲಿ ಡಾ. ಅರುಣ್ ಗುಪ್ತಾ ಮೊದಲಾದವರು ಹಣ ಕೂಡಿಸಿದರು. ಆರತಿ ದೇಶಬಂಧು ಪಾರ್ಕಿನ ಕೊಳದಲ್ಲಿ ಎಂಟು ಗಂಟೆ, ಆಮೇಲೆ ಹದಿನಾರು ಗಂಟೆ ಬಿಡದೆ ಈಜಿ ಅಭ್ಯಾಸ ಮಾಡಿದಳು. 1959ರ ಆಗಸ್ಟ್ 27ರ ಸ್ಪರ್ಧೆಯಲ್ಲಿ ಅವಳ ದೋಣಿ ತಡವಾಗಿ ಬಂತು. ಅನುಕೂಲದ ಹೊತ್ತು ಕೈತಪ್ಪಿ, ಇಂಗ್ಲೆಂಡ್ ದಡ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಎದುರು ಸೆಳೆತಕ್ಕೆ ಸಿಕ್ಕಿ ನಿಲ್ಲಿಸಬೇಕಾಯಿತು. ಅವಳು ಊರಿಗೆ ಮರಳಲಿಲ್ಲ. ಒಂದು ತಿಂಗಳು ಅಲ್ಲೇ ಇದ್ದು ಸೆಪ್ಟೆಂಬರ್ 29ರಂದು ಮತ್ತೆ ನೀರಿಗಿಳಿದಳು. 16 ಗಂಟೆ 20 ನಿಮಿಷದ ನಂತರ ಇಂಗ್ಲೆಂಡಿನ ಸ್ಯಾಂಡ್‌ಗೇಟ್ ದಡದಲ್ಲಿ ಕಾಲೂರಿದಳು. ಆಗ ಅವಳಿಗೆ 19 ವರ್ಷ. ಮರುವರ್ಷ ಭಾರತ ಸರ್ಕಾರ ಪದ್ಮಶ್ರೀ ನೀಡಿತು. ನಮ್ಮ ಸಾಮಾನ್ಯ ಜ್ಞಾನದ ಪುಸ್ತಕದ ಎರಡನೆಯ ಉತ್ತರ ಹುಟ್ಟಿದ್ದು ಹೀಗೆ.

ಬ್ರೊಜೆನ್ ಒಂದೇ ಸಲಕ್ಕೆ ಸುಮ್ಮನಾಗಲಿಲ್ಲ. 1958ರಿಂದ 1961ರವರೆಗೆ ನಾಲ್ಕು ವರ್ಷಗಳಲ್ಲಿ ಆರು ಬಾರಿ ಕಾಲುವೆ ದಾಟಿದರು. 1961ರಲ್ಲಿ ಫ್ರಾನ್ಸಿನಿಂದ ಇಂಗ್ಲೆಂಡಿಗೆ 10 ಗಂಟೆ 35 ನಿಮಿಷದಲ್ಲಿ ಈಜಿ, ಆ ದಿಕ್ಕಿನಲ್ಲಿ ಅಬ್ದುಲ್ ರಹೀಮರ ಹೆಸರಿನಲ್ಲಿದ್ದ ಹನ್ನೊಂದು ವರ್ಷದ ಹಿಂದಿನ ದಾಖಲೆಯನ್ನು 15 ನಿಮಿಷಗಳಿಂದ ಮುರಿದರು. ಮೊದಲ ಸಲ ಸುಮಾರು ಹದಿನೈದು ಗಂಟೆ ತೆಗೆದುಕೊಂಡವರು ಮೂರು ವರ್ಷದಲ್ಲಿ ನಾಲ್ಕು ಗಂಟೆಗೂ ಹೆಚ್ಚು ಕಡಿಮೆ ಮಾಡಿದ್ದರು. ತೋಳಿನ ಬಲ ಅಷ್ಟು ಹೆಚ್ಚಲಾರದು, ಆಗ ಅವರಿಗೆ ವಯಸ್ಸು 33. ನೀರನ್ನು ಓದುವುದು ಕಲಿತಿದ್ದರು ಎಂದೇ ನಾವು ತಿಳಿಯಬೇಕು. ಯಾವ ಹೊತ್ತಿಗೆ ಇಳಿಯಬೇಕು, ಸೆಳೆತಕ್ಕೆ ಎಲ್ಲಿ ಮೈಕೊಡಬೇಕು, ಎಲ್ಲಿ ಎದುರಿಸಬೇಕು ಎಂಬುದು ನದಿಯ ಮಕ್ಕಳಿಗೆ ಚೆನ್ನಾಗಿ ತಿಳಿಯುತ್ತದೆ. ಆ ದಾಖಲೆಯನ್ನು 1964ರಲ್ಲಿ ಇಂಗ್ಲೆಂಡಿನ ಬ್ಯಾರಿ ವಾಟ್ಸನ್ 9 ಗಂಟೆ 35 ನಿಮಿಷದಲ್ಲಿ ಈಜಿ ಮುರಿದರು.

1971ರಲ್ಲಿ ಬ್ರೊಜೆನ್ ಅವರ ನೆಲದ ಹೆಸರು ಮತ್ತೊಮ್ಮೆ ಬದಲಾಯಿತು. ಬ್ರಿಟಿಷ್ ಭಾರತದಲ್ಲಿ ಹುಟ್ಟಿ, ಪಾಕಿಸ್ತಾನಕ್ಕಾಗಿ ಈಜಿದವರು ಈಗ ಬಾಂಗ್ಲಾದೇಶದ ಪ್ರಜೆ. ಹೊಸ ದೇಶ 1976ರಲ್ಲಿ ಅವರಿಗೆ ರಾಷ್ಟ್ರೀಯ ಕ್ರೀಡಾ ಪ್ರಶಸ್ತಿ ಕೊಟ್ಟಿತು. 1986ರಲ್ಲಿ ಇಂಗ್ಲೆಂಡಿನ ಚಾನೆಲ್ ಸ್ವಿಮ್ಮಿಂಗ್ ಅಸೋಸಿಯೇಷನ್ ‘ಕಾಲುವೆಯ ರಾಜ’ ಎಂಬ ಗೌರವ ನೀಡಿತು. 1998ರ ಜೂನ್ 1ರಂದು ಅವರು ತೀರಿಕೊಂಡದ್ದು ಕ್ಯಾನ್ಸರ್ ಕಾಯಿಲೆಯಿಂದ, ಕಲ್ಕತ್ತೆಯಲ್ಲಿ. ಯೌವನದಲ್ಲಿ ಓದಿದ, ಈಜಿದ ಊರಿನಲ್ಲೇ ಕೊನೆಯುಸಿರು. ಅಂತ್ಯಕ್ರಿಯೆಗೆ ದೇಹವನ್ನು ಢಾಕಾಗೆ ತಂದರು. ಮರುವರ್ಷ ಬಾಂಗ್ಲಾದೇಶ ಮರಣೋತ್ತರವಾಗಿ ಸ್ವಾತಂತ್ರ್ಯ ಪ್ರಶಸ್ತಿಯನ್ನು ಅರ್ಪಿಸಿತು.

ಈಗ ಇವರನ್ನು ಯಾರ ಪಟ್ಟಿಗೆ ಸೇರಿಸುವುದು? ಭಾರತದ ಪುಸ್ತಕಕ್ಕೆ ಅವರು ಪಾಕಿಸ್ತಾನಿ. ಪಾಕಿಸ್ತಾನದ ನೆನಪಿನಲ್ಲಿ ಅವರು ಕಳೆದುಹೋದ ಪೂರ್ವದವರು. ಬಾಂಗ್ಲಾದೇಶ ಅವರನ್ನು ತನ್ನವರೆಂದು ಎದೆಗೆ ಹಚ್ಚಿಕೊಂಡಿದೆ, ಅದು ಸಂತೋಷ. ಆದರೆ ಅವರು ಈಜಿ ಗೆದ್ದ ವರ್ಷಗಳಲ್ಲಿ ಆ ದೇಶವೇ ಇರಲಿಲ್ಲ. ಗೆರೆ ಎಳೆಯುವವರು ಮನುಷ್ಯರನ್ನು ಹೀಗೆಯೇ ಪಟ್ಟಿಯಿಂದ ಪಟ್ಟಿಗೆ ತಳ್ಳುತ್ತಾರೆ. ಅಲ್ಪಸಂಖ್ಯಾತನಾಗಿ ಬದುಕುವವನಿಗೆ ನೀನು ಯಾವ ಕಡೆಯವನು ಎಂಬ ಪ್ರಶ್ನೆ ಹೊಸದಲ್ಲ. ಢಾಕಾದ ಹಿಂದೂ ಅದನ್ನು ಕೇಳಿಸಿಕೊಂಡಿದ್ದಾನೆ, ಬೀದರದ ಮುಸ್ಲಿಮನೂ ಕೇಳಿಸಿಕೊಂಡಿದ್ದಾನೆ. ಬ್ರೊಜೆನ್ ಭಾಷಣ ಮಾಡಿ ಇದಕ್ಕೆ ಉತ್ತರಿಸಿದವರಲ್ಲ. ತನ್ನ ಊರಿನ ಪರವಾಗಿ ಈಜಿದರು, ಈಜಿ ಬಂದ ಮೇಲೆ ಆ ಕಡೆಯ ಹುಡುಗಿಗೆ ದಾರಿ ತೋರಿಸಿದರು. ಈ ಎರಡು ಕೆಲಸಗಳ ನಡುವೆ ಅವರಿಗೆ ವಿರೋಧ ಕಂಡಿರಲಿಲ್ಲ.

ನಾವು ಈಜು ಕಲಿತ ಬಾವಿಗಳಲ್ಲಿ ಹಲವು ಈಗ ಬತ್ತಿವೆ. ಕೊಳವೆಬಾವಿಗಳು ಬಂದ ಮೇಲೆ ಅವುಗಳ ಹೂಳು ತೆಗೆಯುವವರಿಲ್ಲ. ಸೋರೆಬುರುಡೆ ಕಟ್ಟಿಕೊಂಡು ಮೆಟ್ಟಿಲ ಮೇಲೆ ನಡುಗುತ್ತಾ ನಿಲ್ಲುವ ಹುಡುಗರೂ ಕಡಿಮೆಯಾಗಿದ್ದಾರೆ. ಆದರೆ ಸಾಮಾನ್ಯ ಜ್ಞಾನದ ಪುಸ್ತಕ ಇನ್ನೂ ಇದೆ, ಆ ಎರಡು ಪ್ರಶ್ನೆಗಳೂ ಇವೆ. ಕಳೆದ ಸಲ ಮನೆಯ ಮಕ್ಕಳಿಗೆ ಪಾಠ ಹೇಳುವಾಗ ನಾವು ಮಿಹಿರ್ ಸೇನ್, ಆರತಿ ಸಹಾ ಎಂಬ ಹೆಸರುಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಬ್ರೊಜೆನ್ ದಾಸ್ ಎಂದು ಬರೆದುಕೊಟ್ಟೆವು. ಇದು ಪರೀಕ್ಷೆಯಲ್ಲಿ ಬರುತ್ತದೆಯೇ ಎಂದು ಮಕ್ಕಳು ಕೇಳಿದರು. ಬರುವುದಿಲ್ಲ, ಆದರೂ ನೆನಪಿಟ್ಟುಕೊಳ್ಳಿ ಎಂದೆವು.